ಶಬ್ದ ಬಂದ ದಿಕ್ಕನ್ನು ಹಿಡಿಯುವುದು: ನಾಲ್ಕು ಮೈಕ್‌ಗಳ ಅರೇ ಕಟ್ಟುವವರಿಗೆ ಸಮಗ್ರ ಮಾರ್ಗದರ್ಶಿ

ಶಬ್ದ ಬಂದ ದಿಕ್ಕು ಹೇಳಲೆಂದು ಗೊತ್ತಾದ ಅಂತರದಲ್ಲಿ ಜೋಡಿಸಿದ ಮೈಕ್‌ಗಳ ಗುಂಪೇ ಅರೇ. ಅದರ ಕೋಡ್ ಓಡುತ್ತದೆ, ಪರದೆಯ ಮೇಲೆ ಕೋನವೂ ಮೂಡುತ್ತದೆ. ಆದರೆ ಎಡಗಡೆ ಚಪ್ಪಾಳೆ ತಟ್ಟಿದರೆ ಬಾಣದ ಗುರುತು ಬಲಕ್ಕೆ ತಿರುಗುತ್ತದೆ. ಇಲ್ಲವೇ ಏನೇ ಮಾಡಿದರೂ 90 ಡಿಗ್ರಿಯಲ್ಲೇ ಅಂಟಿಕೊಳ್ಳುತ್ತದೆ. ಇಂಜಿನಿಯರಿಂಗ್ ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಈ ವಿಷಯ ಹಿಡಿದವರೂ ಹವ್ಯಾಸಕ್ಕಾಗಿ ಕೈ ಹಾಕಿದವರೂ ಹೇಳುವ ದೂರು ಹೆಚ್ಚುಕಡಿಮೆ ಇದೇ. ಅವರೆಲ್ಲ ಮೊದಲು ಅನುಮಾನಿಸುವುದು ಅಲ್ಗಾರಿದಮ್ಮನ್ನು. ಒಂದನ್ನು ಬಿಟ್ಟು ಇನ್ನೊಂದನ್ನು ಹಾಕುತ್ತಾರೆ, ಅದೂ ಸುಳ್ಳು ಹೇಳಿದಾಗ ಕೃತಕ ಬುದ್ಧಿಮತ್ತೆಯ ಮಾದರಿಗೆ ತರಬೇತಿ ಕೊಡಲು ಹೊರಡುತ್ತಾರೆ.

ಅಲ್ಗಾರಿದಮ್ ಸಾಮಾನ್ಯವಾಗಿ ನಿರಪರಾಧಿ. ಒಂದು ಮೈಕ್‌ಗೂ ಇನ್ನೊಂದಕ್ಕೂ ಶಬ್ದ ತಲುಪುವ ಸಮಯದ ವ್ಯತ್ಯಾಸ, ಅಂದರೆ ವಿಳಂಬ, ನಿಮ್ಮ ರೆಕಾರ್ಡಿಂಗ್‌ನಲ್ಲಿ ನಿಜವಾಗಿ ಉಳಿದುಕೊಂಡಿದೆಯೇ ಎಂಬುದೇ ಪ್ರಶ್ನೆ. ಉಳಿದಿಲ್ಲದಿದ್ದರೆ ಯಾವ ಗಣಿತವೂ ಅದನ್ನು ಹುಟ್ಟಿಸಲಾರದು. ಆದ್ದರಿಂದ ಈ ಮಾರ್ಗದರ್ಶಿಯ ಅರ್ಧ ಭಾಗ ಲೆಕ್ಕಕ್ಕೆ ಮುಂಚಿನ ಕೆಲಸಗಳಿಗೇ ಮೀಸಲು. ಹಂತಗಳ ಕ್ರಮ ಬದಲಿಸಬೇಡಿ. ನಾಲ್ಕನೆಯ ಹಂತದ ಪರೀಕ್ಷೆಗಳು ಗೆಲ್ಲುವ ತನಕ ಐದನೆಯದಕ್ಕೆ ಹೋಗಬೇಡಿ.

ಬೇಕಾಗುವ ಸಾಮಗ್ರಿ

ನಾಲ್ಕು ಮೈಕ್‌ಗಳು, ಎಲ್ಲವೂ ಒಂದೇ ತಯಾರಕರ ಒಂದೇ ಮಾದರಿಯವು. ನಾಲ್ಕು ಮೈಕ್ ಇನ್‌ಪುಟ್ ಇರುವ ಒಂದು ಯುಎಸ್‌ಬಿ ಆಡಿಯೊ ಇಂಟರ್‌ಫೇಸ್. ಇದು ದುಬಾರಿ ಎನಿಸಿದರೆ ನಾಲ್ಕು ಮೈಕ್‌ಗಳನ್ನು ಒಂದೇ ಬೋರ್ಡ್ ಮೇಲೆ ಕೂರಿಸಿರುವ ರಿಸ್ಪೀಕರ್‌ನಂಥ ಸಿದ್ಧ ಅರೇ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಐಎನ್‌ಎಂಪಿ441 ಎಂಬ ಚಿಕ್ಕ ಡಿಜಿಟಲ್ ಮೈಕ್‌ನ ಬಿಡಿ ಮಾಡ್ಯೂಲ್‌ಗಳನ್ನು ಕೊಂಡು ತಂದು ಕಟ್ಟುವುದೂ ಸಾಧ್ಯ, ಆದರೆ ಮೊದಲ ಅರೇಗೆ ನಾನು ಅದನ್ನು ಸೂಚಿಸುವುದಿಲ್ಲ. ಕಾರಣ ಮುಂದಿನ ಹಂತದಲ್ಲಿದೆ.

ಉಳಿದಂತೆ 20 ಸೆಂ.ಮೀ. ಚೌಕದ ಪ್ಲೈವುಡ್ ಹಲಗೆ, ಕ್ಯಾಮೆರಾ ಟ್ರೈಪಾಡ್, ಮಿಲಿಮೀಟರ್ ಗುರುತಿರುವ ಉಕ್ಕಿನ ಅಳತೆಪಟ್ಟಿ, ಮೈಕ್‌ಗಳಿಗೆ ಸ್ಪಂಜಿನ ಟೊಪ್ಪಿಗೆ, ಥರ್ಮಾಮೀಟರ್, ಒಂದು ಚಿಕ್ಕ ಸ್ಪೀಕರ್. ಸ್ಪೀಕರ್ ಬ್ಲೂಟೂತ್‌ನದಾದರೂ ಅಡ್ಡಿಯಿಲ್ಲ. ಶಬ್ದ ಹೊರಟ ಕ್ಷಣ ಯಾವುದೆಂದು ನಮಗೆ ಗೊತ್ತಾಗಬೇಕಿಲ್ಲ, ತಲುಪಿದ ಕ್ಷಣಗಳ ನಡುವಿನ ವ್ಯತ್ಯಾಸ ಸಾಕು. ಬ್ಲೂಟೂತ್ ಮೈಕ್ ಮಾತ್ರ ಹತ್ತಿರವೂ ಬರಬಾರದು.

ತಂತ್ರಾಂಶಕ್ಕೆ ಪೈಥಾನ್, ಅದರಲ್ಲಿ ನಂಪೈ ಮತ್ತು ಸೈಪೈ, ರೆಕಾರ್ಡಿಂಗ್‌ಗೆ ಸೌಂಡ್‌ಡಿವೈಸ್ ಲೈಬ್ರರಿ. ಅಲೆಗಳನ್ನು ಕಣ್ಣಿನಿಂದ ನೋಡಲು ಆಡಾಸಿಟಿ ಬೇಕೇ ಬೇಕು.

ಹಂತ 1: ಎಲ್ಲ ಮೈಕ್‌ಗಳಿಗೂ ಒಂದೇ ಗಡಿಯಾರ

ನಾಲ್ಕು ಯುಎಸ್‌ಬಿ ಮೈಕ್‌ಗಳನ್ನು ಹಬ್‌ಗೆ ಚುಚ್ಚಿ ಅರೇ ಎಂದು ಕರೆಯುವುದೇ ಅತಿ ಸಾಮಾನ್ಯ ತಪ್ಪು. ಪ್ರತಿ ಯುಎಸ್‌ಬಿ ಮೈಕ್‌ನೊಳಗೂ ಅದರದೇ ಸ್ಫಟಿಕ ಗಡಿಯಾರವಿದೆ. ಎರಡು ಗಡಿಯಾರಗಳ ನಡುವೆ ಹತ್ತು ಲಕ್ಷಕ್ಕೆ ಇಪ್ಪತ್ತು ಭಾಗದಷ್ಟು ವ್ಯತ್ಯಾಸವಿದ್ದರೂ ಒಂದು ನಿಮಿಷದಲ್ಲಿ 1.2 ಮಿಲಿಸೆಕೆಂಡ್ ಜಾರುತ್ತದೆ. ಅಷ್ಟು ಹೊತ್ತಿನಲ್ಲಿ ಶಬ್ದ 42 ಸೆಂ.ಮೀ. ಸಾಗಿರುತ್ತದೆ, ನಿಮ್ಮ ಇಡೀ ಅರೇ ಅದರ ಅರ್ಧದಷ್ಟಿದೆ. ಜಾರುವಿಕೆ ಸಾಲದೆಂಬಂತೆ, ಪ್ರತಿ ಸಲ ರೆಕಾರ್ಡಿಂಗ್ ಆರಂಭವಾದಾಗ ಯಾವ ಮೈಕ್ ಮೊದಲು ಎದ್ದಿತು ಎಂಬುದೂ ಬೇರೆ ಬೇರೆ.

ಹಾಗಾಗಿ ನಿಯಮ ಒಂದೇ: ಎಲ್ಲ ಚಾನೆಲ್‌ಗಳೂ ಒಂದೇ ಉಪಕರಣದ ಮೂಲಕ, ಒಂದೇ ಗಡಿಯಾರದ ಲಯಕ್ಕೆ ಒಳಬರಬೇಕು. ಬಿಡಿ ಮಾಡ್ಯೂಲ್‌ಗಳಲ್ಲಿ ತೊಡಕಾಗುವುದು ಇಲ್ಲೇ. ಐಎನ್‌ಎಂಪಿ441ರ ಒಂದು ದತ್ತಾಂಶ ತಂತಿಯಲ್ಲಿ ಎಡ, ಬಲ ಎಂದು ಎರಡು ಮೈಕ್‌ಗಳಷ್ಟೇ ಹಿಡಿಸುತ್ತವೆ. ನಾಲ್ಕಕ್ಕೆ ಎರಡು ತಂತಿ ಬೇಕು. ಇವನ್ನು ಓದಲು ಬಳಸುವ ಇಎಸ್‌ಪಿ32 ಎಂಬ ಮೈಕ್ರೊಕಂಟ್ರೋಲರ್‌ನಲ್ಲಿ ಎರಡು ಪೋರ್ಟ್‌ಗಳಿದ್ದರೂ ಅವುಗಳನ್ನು ಸ್ವತಂತ್ರವಾಗಿ ಓಡಿಸಿದರೆ ಒಟ್ಟಿಗೆ ಆರಂಭವಾಗುತ್ತವೆಂಬ ಖಾತ್ರಿಯಿಲ್ಲ. ಒಂದನ್ನು ಯಜಮಾನನನ್ನಾಗಿಸಿ, ಅದರ ಗಡಿಯಾರದ ತಂತಿಗಳನ್ನೇ ಇನ್ನೊಂದಕ್ಕೆ ಕೊಟ್ಟು, ಅದನ್ನು ಹಿಂಬಾಲಿಸುವಂತೆ ಮಾಡಬೇಕು. ಅಷ್ಟರ ಮೇಲೂ ಆರಂಭದ ವ್ಯತ್ಯಾಸವನ್ನು ಪ್ರತಿ ಸಲ ಪರೀಕ್ಷಿಸಬೇಕು.

ಖಚಿತಪಡಿಸಿಕೊಳ್ಳುವ ವಿಧಾನ ಸರಳ. ನಾಲ್ಕೂ ಮೈಕ್‌ಗಳನ್ನು ಒಂದಕ್ಕೊಂದು ಅಂಟಿದಂತೆ ಕಟ್ಟಿ, ಮೂರು ಮೀಟರ್ ದೂರದಿಂದ ಒಂದು ಚಪ್ಪಾಳೆ ತಟ್ಟಿ. ಹತ್ತು ನಿಮಿಷ ರೆಕಾರ್ಡಿಂಗ್ ಓಡಲು ಬಿಟ್ಟು, ಅದೇ ಜಾಗದಿಂದ ಮತ್ತೊಂದು ತಟ್ಟಿ. ಎರಡೂ ಚಪ್ಪಾಳೆಗಳಲ್ಲಿ ಎಲ್ಲ ಚಾನೆಲ್‌ಗಳ ಅಲೆ ಒಂದೆರಡು ಸ್ಯಾಂಪಲ್‌ಗಳ (ಸೆಕೆಂಡಿಗೆ ಸಾವಿರಾರು ಸಲ ಧ್ವನಿಯನ್ನು ಅಳೆದಿಡುವ ಒಂದೊಂದು ಅಳತೆಯೂ ಒಂದು ಸ್ಯಾಂಪಲ್) ಒಳಗೆ ಒಂದೇ ಕಡೆ ಏಳಬೇಕು. ಮೊದಲನೆಯದರಲ್ಲಿ ಸರಿಯಿದ್ದು ಎರಡನೆಯದರಲ್ಲಿ ನೂರಾರು ಸ್ಯಾಂಪಲ್ ದೂರ ಹೋಗಿದ್ದರೆ ಗಡಿಯಾರಗಳು ಬೇರೆ. ಆ ಉಪಕರಣವನ್ನು ಬದಿಗಿಡಿ, ತಂತ್ರಾಂಶದಲ್ಲಿ ತೇಪೆ ಹಚ್ಚುತ್ತ ಕೂರಬೇಡಿ.

ಹಂತ 2: ಮೈಕ್‌ಗಳನ್ನು ಕೂರಿಸುವುದು

ಎರಡು ಮೈಕ್‌ಗಳಿಂದ ಮುಂದೆ ಯಾವುದು, ಹಿಂದೆ ಯಾವುದು ತಿಳಿಯುವುದಿಲ್ಲ. ನಾಲ್ಕನ್ನು ಒಂದೇ ಸಾಲಿನಲ್ಲಿ ಇಟ್ಟರೂ ಆ ಗೊಂದಲ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಚೌಕ. 15 ಸೆಂ.ಮೀ. ಬದಿಯ ಚೌಕದ ನಾಲ್ಕು ಮೂಲೆಗಳಲ್ಲಿ ಮೈಕ್‌ಗಳನ್ನಿಡಿ. ಮೇಲಿನಿಂದ ನೋಡಿದಾಗ ಬಲ ಮೇಲ್ಮೂಲೆಯದು 1, ಅಲ್ಲಿಂದ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ 2, 3, 4. ಈ ಸಂಖ್ಯೆಗಳನ್ನು ಹಲಗೆಯ ಮೇಲೆ ಮಾರ್ಕರ್‌ನಲ್ಲಿ ಬರೆಯಿರಿ. ಚೌಕದ ನಡುವೆ ಬಲಕ್ಕೆ ಒಂದು ಬಾಣ ಬರೆದು ಅದನ್ನು ಸೊನ್ನೆ ಡಿಗ್ರಿ ಎಂದು ಕರೆಯಿರಿ.

ಬದಿ ಎಷ್ಟಿರಬೇಕೆಂಬುದು ಎರಡು ಬೇಡಿಕೆಗಳ ನಡುವಿನ ಜಗ್ಗಾಟ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 349.5 ಮೀಟರ್. 48 ಕಿಲೋಹರ್ಟ್ಜ್‌ನಲ್ಲಿ ರೆಕಾರ್ಡ್ ಮಾಡಿದರೆ ಒಂದು ಸ್ಯಾಂಪಲ್ ಕಾಲದಲ್ಲಿ ಶಬ್ದ 7.3 ಮಿ.ಮೀ. ಸಾಗುತ್ತದೆ. ಅಂದರೆ 15 ಸೆಂ.ಮೀ. ಬದಿಯಲ್ಲಿ ಗರಿಷ್ಠ ವಿಳಂಬ 20.6 ಸ್ಯಾಂಪಲ್, ಕರ್ಣದಲ್ಲಿ 29.1. ಬದಿ ಚಿಕ್ಕದಾದಷ್ಟೂ ಎಣಿಸಲು ಸಿಗುವ ಸ್ಯಾಂಪಲ್‌ಗಳು ಕಡಿಮೆಯಾಗಿ ಕೋನ ಒರಟಾಗುತ್ತದೆ. ದೊಡ್ಡದಾದರೆ ಬೇರೊಂದು ತೊಂದರೆ: ಅಂತರವು ಶಬ್ದದ ಅಲೆಯುದ್ದದ ಅರ್ಧವನ್ನು ಮೀರಿದರೆ, ಒಂದೇ ಸ್ವರದ ಶಬ್ದಕ್ಕೆ ಒಂದಕ್ಕಿಂತ ಹೆಚ್ಚು ದಿಕ್ಕುಗಳು ಸರಿಹೊಂದತೊಡಗುತ್ತವೆ. 15 ಸೆಂ.ಮೀ.ಗೆ ಆ ಗಡಿ ಸುಮಾರು 1165 ಹರ್ಟ್ಜ್.

ಚಪ್ಪಾಳೆ, ಮಾತು, ಪಟಾಕಿಯಂಥ ಶಬ್ದಗಳಲ್ಲಿ ನೂರಾರು ಆವರ್ತನಗಳು ಬೆರೆತಿರುವುದರಿಂದ ಸುಳ್ಳು ದಿಕ್ಕುಗಳು ಒಂದನ್ನೊಂದು ಅಳಿಸಿಹಾಕುತ್ತವೆ, ನಿಜವಾದದ್ದು ಉಳಿಯುತ್ತದೆ. ಕುಕ್ಕರ್‌ನ ಕೂಗು, ಕೋಗಿಲೆ, ಸೈರನ್ ಇವುಗಳ ಸಂಗತಿ ಹಾಗಲ್ಲ. 2000 ಹರ್ಟ್ಜ್‌ನ ಶುದ್ಧ ಶಿಳ್ಳೆಗೆ 24 ಸ್ಯಾಂಪಲ್‌ಗೊಮ್ಮೆ ಅದೇ ಅಲೆ ಮರುಕಳಿಸುತ್ತದೆ. ಮೈನಸ್ 20ರಿಂದ ಪ್ಲಸ್ 20ರವರೆಗಿನ ನಿಮ್ಮ ಹುಡುಕಾಟದಲ್ಲಿ ಎರಡು ಶಿಖರಗಳು ಸಮಾನವಾಗಿ ನಿಂತುಬಿಡಬಹುದು. ಇಂಥ ಮೂಲಗಳೇ ನಿಮ್ಮ ಗುರಿಯಾಗಿದ್ದರೆ 5 ಸೆಂ.ಮೀ. ಬದಿಯ ಚೌಕ ಕಟ್ಟಿ, ಆಗ ಗಡಿ 3500 ಹರ್ಟ್ಜ್‌ನ ಆಸುಪಾಸಿಗೆ ಏರುತ್ತದೆ. ಮೊದಲ ಪ್ರಯೋಗಕ್ಕಂತೂ ಶಿಳ್ಳೆ ಹೊಡೆಯಬೇಡಿ.

ಅಳತೆಯ ವಿಷಯದಲ್ಲಿ ಜಿಪುಣರಾಗಿ. ತಾಪಮಾನವನ್ನು ದಶಮಾಂಶದವರೆಗೆ ಹಾಕಿ, ಮೈಕ್‌ಗಳ ಅಂತರವನ್ನು ದರ್ಜಿಯ ಟೇಪಿನಲ್ಲಿ ಅಳೆದವರು ಅನೇಕರು. ಹತ್ತು ಡಿಗ್ರಿ ತಾಪಮಾನ ತಪ್ಪಿದರೆ ವೇಗದಲ್ಲಾಗುವ ದೋಷ ಶೇ 1.7ರಷ್ಟು. 15 ಸೆಂ.ಮೀ.ನಲ್ಲಿ ಎರಡೂವರೆ ಮಿಲಿಮೀಟರ್ ತಪ್ಪಿದರೂ ಅಷ್ಟೇ ದೋಷ. ಅಳೆಯಬೇಕಾದದ್ದು ಡಬ್ಬಿಯ ಅಂಚಿನಿಂದಲ್ಲ, ಶಬ್ದ ಒಳಹೋಗುವ ರಂಧ್ರದಿಂದ ರಂಧ್ರಕ್ಕೆ. ಐಎನ್‌ಎಂಪಿ441 ಮಾಡ್ಯೂಲ್‌ಗಳಲ್ಲಿ ಆ ರಂಧ್ರ ಚಿಪ್‌ನ ತಳದಲ್ಲಿದ್ದು, ಬೋರ್ಡನ್ನು ತೂರಿ ಇನ್ನೊಂದು ಮಗ್ಗುಲಿಗೆ ತೆರೆದುಕೊಳ್ಳುತ್ತದೆ. ಆ ಮಗ್ಗುಲನ್ನು ಹಲಗೆಗೆ ಅಂಟಿಸಿದರೆ ಮೈಕ್ ಕಿವುಡಾದಂತೆ. ಒಂದು ಚಾನೆಲ್ ಮಾತ್ರ ಮಂಕಾಗಿ ಕೇಳುತ್ತಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಹಂತ 3: ರೆಕಾರ್ಡಿಂಗನ್ನು ಯಾರೂ ತಿದ್ದದಂತೆ ನೋಡಿಕೊಳ್ಳುವುದು

ಇಂದಿನ ಕಂಪ್ಯೂಟರ್‌ಗಳು ಕೇಳದೆಯೇ ಉಪಕಾರ ಮಾಡುತ್ತವೆ. ಗದ್ದಲ ತಗ್ಗಿಸುವುದು, ಪ್ರತಿಧ್ವನಿ ಅಳಿಸುವುದು, ಧ್ವನಿಯ ಮಟ್ಟವನ್ನು ತಾನಾಗಿ ಏರಿಳಿಸುವುದು ಎಲ್ಲವೂ ಮಾತು ಚೆನ್ನಾಗಿ ಕೇಳಲೆಂದು ಇರುವ ಸೌಲಭ್ಯಗಳು. ಅವು ಒಂದೊಂದು ಚಾನೆಲನ್ನೂ ಬೇರೆಬೇರೆಯಾಗಿ ತಿದ್ದುವಾಗ ವಿಳಂಬದ ಮಾಹಿತಿ ಹಾಳಾಗುತ್ತದೆ. ವಿಂಡೋಸ್‌ನಲ್ಲಿ ಧ್ವನಿಯ ಸೆಟ್ಟಿಂಗ್ಸ್‌ಗೆ ಹೋಗಿ ಆ ಉಪಕರಣದ ಎಲ್ಲ ಸುಧಾರಣೆಗಳನ್ನೂ ಆಫ್ ಮಾಡಿ.

ಸಿದ್ಧ ಅರೇಗಳಲ್ಲಿ ಯಾವ ಚಾನೆಲ್ ಕಚ್ಚಾ, ಯಾವುದು ಸಂಸ್ಕರಿಸಿದ್ದು ಎಂದು ತಿಳಿದಿರಬೇಕು. ರಿಸ್ಪೀಕರ್‌ನ ಯುಎಸ್‌ಬಿ ನಾಲ್ಕು ಮೈಕ್ ಅರೇಗೆ ಆರು ಚಾನೆಲ್‌ಗಳ ಫರ್ಮ್‌ವೇರ್ ಹಾಕಿದಾಗ ಮೊದಲನೆಯದು ಸಂಸ್ಕರಿಸಿದ ಧ್ವನಿ, ನಂತರದ ನಾಲ್ಕು ಮೈಕ್‌ಗಳ ಕಚ್ಚಾ ಧ್ವನಿ, ಕೊನೆಯದು ಸ್ಪೀಕರ್‌ಗೆ ಹೋಗುವ ಧ್ವನಿ. ಮೊದಲ ನಾಲ್ಕನ್ನು ಎತ್ತಿಕೊಂಡು ತಲೆ ಕೆರೆದುಕೊಳ್ಳುವವರು ಕಡಿಮೆಯಿಲ್ಲ. ಅದರ ರೆಕಾರ್ಡಿಂಗ್ ದರ 16 ಕಿಲೋಹರ್ಟ್ಜ್, ಒಂದು ಸ್ಯಾಂಪಲ್ ಎಂದರೆ ಸುಮಾರು 22 ಮಿ.ಮೀ. ಹಾಗಾಗಿ ಐದನೆಯ ಹಂತದಲ್ಲಿ ಹೇಳುವ ಸೂಕ್ಷ್ಮೀಕರಣ ಅಲ್ಲಿ ಐಚ್ಛಿಕವಲ್ಲ.

ಫೈಲನ್ನು ವೇವ್ ರೂಪದಲ್ಲೇ ಉಳಿಸಿ. ಎಂಪಿ3 ಮಾಡಿದ್ದು, ವಾಟ್ಸ್‌ಆಪ್‌ನಲ್ಲಿ ಕಳುಹಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ. ಚಪ್ಪಾಳೆಯ ಶಿಖರ ಗರಿಷ್ಠ ಮಟ್ಟಕ್ಕಿಂತ 12 ಡೆಸಿಬೆಲ್ ಕೆಳಗಿರುವಂತೆ ಗೇನ್ ಹೊಂದಿಸಿ. ತುದಿ ಕತ್ತರಿಸಿದಂತೆ ಚಪ್ಪಟೆಯಾಗಿದ್ದರೆ ಆ ರೆಕಾರ್ಡಿಂಗನ್ನು ಎಸೆಯಿರಿ.

ಹಂತ 4: ಲೆಕ್ಕಕ್ಕೆ ಮುಂಚಿನ ಪರೀಕ್ಷೆಗಳು

ಗುರುತಿನ ಪರೀಕ್ಷೆ. ರೆಕಾರ್ಡಿಂಗ್ ಓಡುತ್ತಿರುವಾಗ 1, 2, 3, 4 ಎಂಬ ಕ್ರಮದಲ್ಲಿ ಪ್ರತಿ ಮೈಕನ್ನೂ ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಆಡಾಸಿಟಿಯಲ್ಲಿ ಯಾವ ಗೆರೆ ಯಾವಾಗ ಎದ್ದಿತೆಂದು ನೋಡಿ. ತಂತಿಯ ಕ್ರಮವೂ ಚಾನೆಲ್‌ನ ಕ್ರಮವೂ ಒಂದೇ ಎಂದು ನಂಬಿಕೊಂಡಿರಬೇಡಿ. ಜೊತೆಗೆ ಯಾವುದಾದರೂ ಎರಡು ಚಾನೆಲ್‌ಗಳನ್ನು ಕಳೆದು ನೋಡಿ. ಉತ್ತರ ಪೂರ್ತಿ ಸೊನ್ನೆಯಾದರೆ ಕಂಪ್ಯೂಟರ್ ಒಂದೇ ಮೈಕನ್ನು ನಾಲ್ಕು ಸಲ ನಕಲು ಮಾಡಿ ಕೊಡುತ್ತಿದೆ ಎಂದರ್ಥ.

ಧ್ರುವದ ಪರೀಕ್ಷೆ. ಒಂದು ಚಪ್ಪಾಳೆಯನ್ನು ಹಿಗ್ಗಿಸಿ ನೋಡಿದಾಗ ನಾಲ್ಕೂ ಗೆರೆಗಳ ಮೊದಲ ಏರು ಒಂದೇ ಕಡೆಗಿರಬೇಕು. ಮೂರು ಮೇಲಕ್ಕೆ, ಒಂದು ಕೆಳಕ್ಕೆ ಎಂದಾದರೆ ಆ ತಂತಿ ಅದಲುಬದಲಾಗಿದೆ. ಇದನ್ನು ಹಾಗೇ ಬಿಟ್ಟರೆ ಲೆಕ್ಕವು ನಿಜವಾದ ಶಿಖರವನ್ನು ಕಣಿವೆಯೆಂದು ತಿಳಿದು ಪಕ್ಕದ ಯಾವುದೋ ಗುಡ್ಡವನ್ನು ಆರಿಸುತ್ತದೆ.

ತುದಿಯ ಪರೀಕ್ಷೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದು. ಅರೇಯನ್ನು ಟ್ರೈಪಾಡ್ ಮೇಲೆ 1.2 ಮೀಟರ್ ಎತ್ತರದಲ್ಲಿಟ್ಟು, ಮೈಕ್ 1 ಮತ್ತು 2ನ್ನು ಜೋಡಿಸುವ ರೇಖೆಯ ನೇರಕ್ಕೆ, ಮೈಕ್ 1ರ ಕಡೆ, ಮೂರು ಮೀಟರ್ ದೂರದಲ್ಲಿ ಅಷ್ಟೇ ಎತ್ತರದಲ್ಲಿ ಚಪ್ಪಾಳೆ ತಟ್ಟಿ. ಶಬ್ದ ಮೊದಲು 1ಕ್ಕೆ, 20 ಅಥವಾ 21 ಸ್ಯಾಂಪಲ್ ತಡವಾಗಿ 2ಕ್ಕೆ ತಲುಪಬೇಕು. ಇದನ್ನು ಕೋಡ್ ಇಲ್ಲದೆ, ಪರದೆಯ ಮೇಲೆ ಬೆರಳಿಟ್ಟು ಎಣಿಸಿ. ಎದುರು ತುದಿಗೆ ಹೋಗಿ ತಟ್ಟಿದರೆ ಅದೇ ಸಂಖ್ಯೆ, ಕ್ರಮ ತಿರುಗುಮುರುಗು. 14 ಬಂದರೆ ಅಂತರವನ್ನೋ ರೆಕಾರ್ಡಿಂಗ್ ದರವನ್ನೋ ತಪ್ಪಾಗಿ ತಿಳಿದಿದ್ದೀರಿ. 25 ಬಂದರೆ ಅದು ಭೌತಿಕವಾಗಿ ಅಸಾಧ್ಯ, ಮೊದಲನೆಯ ಹಂತಕ್ಕೆ ಹಿಂತಿರುಗಿ.

ಮೂರು ಮೀಟರ್ ಏಕೆಂದರೆ, ತೀರಾ ಹತ್ತಿರದ ಶಬ್ದದ ಅಲೆ ಬಾಗಿರುತ್ತದೆ, ನಮ್ಮ ಲೆಕ್ಕವೋ ಅದು ನೇರವೆಂದು ಭಾವಿಸುತ್ತದೆ. ಎರಡು ಮೀಟರ್ ದೂರದಲ್ಲಿ ಈ ಅರೇಯ ಉದ್ದಕ್ಕೂ ಆ ಬಾಗು 3 ಮಿ.ಮೀ.ಗಿಂತ ಕಡಿಮೆ, ಒಂದು ಸ್ಯಾಂಪಲ್‌ನ ಅರ್ಧವೂ ಇಲ್ಲ. ಅರ್ಧ ಮೀಟರ್‌ನಲ್ಲಿ 11 ಮಿ.ಮೀ. ಮೇಜಿನ ಮೇಲೆ ಅರೇ ಇಟ್ಟು ಎದುರು ಕೂತು ಚಿಟಿಕೆ ಹೊಡೆಯುವವರಿಗೆ ಕೋನ ಸರಿಬಾರದಿರುವುದಕ್ಕೆ ಇದು ಒಂದು ಕಾರಣ. ಇನ್ನೊಂದು ಆ ಮೇಜೇ.

ಹಂತ 5: ವಿಳಂಬವನ್ನು ಯಂತ್ರದಿಂದ ಎಣಿಸುವುದು

ಈಗ ಕೋಡ್. ಜಿಸಿಸಿ-ಫ್ಯಾಟ್ ಎಂಬ ವಿಧಾನ ಸಾಕು. ಅದರ ತಿರುಳು ಇಷ್ಟು: ಎರಡು ಚಾನೆಲ್‌ಗಳ ಫೂರಿಯರ್ ರೂಪಾಂತರ (ಶಬ್ದವನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ) ತೆಗೆದು, ಒಂದನ್ನು ಇನ್ನೊಂದರ ಸಂಕೀರ್ಣ ಸಂಯುಗ್ಮಕ್ಕೆ ಗುಣಿಸಿ, ಬಂದದ್ದನ್ನು ಅದರದೇ ಪರಿಮಾಣದಿಂದ ಭಾಗಿಸಿ, ಹಿಂದಕ್ಕೆ ರೂಪಾಂತರಿಸಿದರೆ ವಿಳಂಬವಿರುವ ಕಡೆ ಚೂಪಾದ ಶಿಖರ ಏಳುತ್ತದೆ. ಪೈಥಾನ್ ಲೈಬ್ರರಿಗಳಲ್ಲಿ ಸಿದ್ಧ ಕೋಡ್ ಇದೆ. ಆದರೆ ಈ ಕೆಳಗಿನ ಅಂಶಗಳು ಅದರಲ್ಲಿವೆಯೇ ಎಂದು ನೋಡಿಕೊಳ್ಳಬೇಕು.

ಒಂದು, ತುಣುಕಿನ ಉದ್ದ. 48 ಕಿಲೋಹರ್ಟ್ಜ್‌ನಲ್ಲಿ 2048 ಅಥವಾ 4096 ಸ್ಯಾಂಪಲ್‌ಗಳ ತುಣುಕು ಮಾತಿಗೆ ಹೊಂದುತ್ತದೆ. ರೂಪಾಂತರಕ್ಕೆ ಮುಂಚೆ ಅಷ್ಟೇ ಉದ್ದ ಸೊನ್ನೆಗಳನ್ನು ಸೇರಿಸಿ. ಸೇರಿಸದಿದ್ದರೆ ತುಣುಕಿನ ಬಾಲ ತಲೆಯ ಮೇಲೆ ಸುತ್ತಿಕೊಂಡು ಇಲ್ಲದ ಶಿಖರಗಳು ಹುಟ್ಟುತ್ತವೆ.

ಎರಡು, ಆವರ್ತನದ ಮಿತಿ. ಪರಿಮಾಣದಿಂದ ಭಾಗಿಸಿದ ಮೇಲೆ ಎಲ್ಲ ಆವರ್ತನಗಳಿಗೂ ಸಮಾನ ಮತ. ನಿಮ್ಮ ಶಬ್ದದಲ್ಲಿ 10 ಕಿಲೋಹರ್ಟ್ಜ್‌ನ ಮೇಲೆ ಏನೂ ಇಲ್ಲದಿದ್ದರೂ ಅಲ್ಲಿನ ಕಸಕ್ಕೆ ಅಷ್ಟೇ ತೂಕ ಸಿಗುತ್ತದೆ. ಮಾತಿಗೆ 300ರಿಂದ 6000 ಹರ್ಟ್ಜ್‌ವರೆಗಿನದನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಸೊನ್ನೆ ಮಾಡಿ. ಗಾಳಿಯ ಗುಡುಗು, ವಿದ್ಯುತ್ತಿನ 50 ಮತ್ತು 100 ಹರ್ಟ್ಜ್‌ನ ಗುಂಯ್‌ಗುಡುವಿಕೆ ಇದರಿಂದಲೇ ಬಹುಮಟ್ಟಿಗೆ ತೊಲಗುತ್ತವೆ.

ಮೂರು, ಸೂಕ್ಷ್ಮೀಕರಣ. ಹಿಂದಕ್ಕೆ ರೂಪಾಂತರಿಸುವಾಗ ಉದ್ದವನ್ನು 16 ಪಟ್ಟು ಹೆಚ್ಚಿಸಿದರೆ ಶಿಖರದ ಜಾಗ ಸ್ಯಾಂಪಲ್‌ನ ಹದಿನಾರನೆಯ ಒಂದು ಭಾಗದವರೆಗೆ ಸಿಗುತ್ತದೆ.

ನಾಲ್ಕು, ಹುಡುಕಾಟದ ಮಿತಿ. ಬದಿಯ ಜೋಡಿಗಳಿಗೆ 20.6, ಕರ್ಣದವಕ್ಕೆ 29.1 ಸ್ಯಾಂಪಲ್. ಅದರಾಚೆಗಿನ ಶಿಖರ ಎಷ್ಟೇ ಎತ್ತರವಿದ್ದರೂ ನೋಡಬೇಡಿ.

ಐದು, ಮೌನವನ್ನು ಬಿಟ್ಟುಬಿಡುವುದು. ಯಾರೂ ಮಾತಾಡದಿದ್ದಾಗಲೂ ಈ ಲೆಕ್ಕ ಏನೋ ಒಂದು ಕೋನ ಹೇಳಿಯೇ ಹೇಳುತ್ತದೆ, ಹೆಚ್ಚಾಗಿ ಅದು ಫ್ಯಾನಿನದು. ತುಣುಕಿನ ಶಕ್ತಿ ಹಿನ್ನೆಲೆಗಿಂತ ಸ್ಪಷ್ಟವಾಗಿ ಮೇಲಿದ್ದರೆ ಮಾತ್ರ ಲೆಕ್ಕ ಮಾಡಿ. ಎರಡನೆಯ ಶಿಖರ ಮೊದಲನೆಯದರ ಐದರಲ್ಲಿ ನಾಲ್ಕು ಭಾಗಕ್ಕಿಂತ ಎತ್ತರವಿದ್ದರೆ ಆ ತುಣುಕನ್ನೂ ಕೈಬಿಡಿ. ಈ ಮಿತಿ ನನ್ನ ಅಂದಾಜಿನದು, ನಿಮ್ಮ ಜಾಗಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

ನಿಜವಾದ ರೆಕಾರ್ಡಿಂಗ್‌ಗೆ ಮುಂಚೆ ಕೃತಕ ದತ್ತಾಂಶದಿಂದ ಕೋಡನ್ನು ಪರೀಕ್ಷಿಸಿ. ಯಾದೃಚ್ಛಿಕ ಗದ್ದಲವೊಂದನ್ನು ಹುಟ್ಟಿಸಿ, ಅದರ ಪ್ರತಿಯನ್ನು 7 ಸ್ಯಾಂಪಲ್ ಹಿಂದಕ್ಕೆ ಸರಿಸಿ, ಕೋಡ್ 7 ಎನ್ನುತ್ತದೆಯೇ ಮೈನಸ್ 7 ಎನ್ನುತ್ತದೆಯೇ ನೋಡಿ. ಯಾವುದಾದರೂ ಸರಿ, ಆದರೆ ನಿಮಗದು ಗೊತ್ತಿರಬೇಕು. ಎಡ ಬಲವಾಗುವ ದೂರುಗಳು ಹುಟ್ಟುವುದು ಬಹುತೇಕ ಈ ಒಂದು ಚಿಹ್ನೆಯಲ್ಲಿ.

ಎಚ್ಚರಿಕೆಯ ಗುರುತು: ಎಲ್ಲ ಜೋಡಿಗಳಲ್ಲೂ ಶಿಖರ ಸೊನ್ನೆಯಲ್ಲೇ ನಿಂತಿದೆ. ಶಬ್ದ ನಿಮ್ಮ ನೆತ್ತಿಯ ಮೇಲಿಂದ ಬರುತ್ತಿಲ್ಲವಾದರೆ, ನಾಲ್ಕೂ ಚಾನೆಲ್‌ಗಳಿಗೆ ಒಂದೇ ಕ್ಷಣದಲ್ಲಿ ನುಗ್ಗುತ್ತಿರುವ ವಿದ್ಯುತ್ ಗದ್ದಲ ಇದು. ಲ್ಯಾಪ್‌ಟಾಪ್‌ನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ ನೋಡಿ.

ಹಂತ 6: ವಿಳಂಬಗಳಿಂದ ಕೋನಕ್ಕೆ

ಒಂದು ಉದಾಹರಣೆ ಹಿಡಿಯೋಣ. ಮೈಕ್ 1ಕ್ಕಿಂತ ಮೈಕ್ 2 10.3 ಸ್ಯಾಂಪಲ್ ತಡ, ಮೈಕ್ 4 17.8 ಸ್ಯಾಂಪಲ್ ತಡ. ಗರಿಷ್ಠವಾದ 20.6ರಿಂದ ಭಾಗಿಸಿದರೆ ಅಡ್ಡ ಭಾಗ 0.50, ಲಂಬ ಭಾಗ 0.864. ಇವೆರಡನ್ನೂ ಚಿಹ್ನೆಸಮೇತ ಎರಡು ಆರ್ಗ್ಯುಮೆಂಟ್‌ಗಳ ವಿಲೋಮ ಟ್ಯಾಂಜೆಂಟ್‌ಗೆ ಕೊಟ್ಟರೆ 60 ಡಿಗ್ರಿ. ಒಂದೇ ಆರ್ಗ್ಯುಮೆಂಟಿನ ಟ್ಯಾಂಜೆಂಟ್ ಬಳಸಿದರೆ 60 ಮತ್ತು 240 ಬೇರೆಯಾಗಿ ಕಾಣುವುದಿಲ್ಲ.

ಈ ಉತ್ತರವನ್ನು ನಂಬುವ ಮುಂಚೆ ಎರಡು ತಾಳೆ. ಮೊದಲನೆಯದು ಮೊತ್ತದ ತಾಳೆ: 1ರಿಂದ 2ಕ್ಕೆ, 2ರಿಂದ 3ಕ್ಕೆ ಆದ ವಿಳಂಬಗಳನ್ನು ಕೂಡಿಸಿದರೆ 1ರಿಂದ 3ಕ್ಕೆ ನೇರವಾಗಿ ಅಳೆದದ್ದು ಬರಬೇಕು. ನಮ್ಮ ಉದಾಹರಣೆಯಲ್ಲಿ 28.1. ಒಂದು ಸ್ಯಾಂಪಲ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರು ಜೋಡಿಗಳಲ್ಲಿ ಯಾವುದೋ ಒಂದು ಪ್ರತಿಧ್ವನಿಯ ಶಿಖರವನ್ನು ಹಿಡಿದಿದೆ.

ಎರಡನೆಯದು ಉದ್ದದ ತಾಳೆ: ಎರಡು ಭಾಗಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಿರಿ. ಅರೇಯ ಎತ್ತರದಲ್ಲೇ ಇರುವ ಮೂಲಕ್ಕೆ 1ರ ಹತ್ತಿರ ಬರಬೇಕು. ಮೇಲೆ 0.998 ಬಂದಿದೆ. 0.87 ಬಂದರೆ ಮೂಲ ಸುಮಾರು 30 ಡಿಗ್ರಿ ಮೇಲೆ ಅಥವಾ ಕೆಳಗಿದೆ, ಮೇಲೋ ಕೆಳಗೋ ಎಂಬುದನ್ನು ಸಮತಲದ ಅರೇ ಹೇಳಲಾರದು. ಅದು ಬೇಕಿದ್ದರೆ ಐದನೆಯ ಮೈಕನ್ನು ಹಲಗೆಯಿಂದ 10 ಸೆಂ.ಮೀ. ಮೇಲೆತ್ತಿ ನಿಲ್ಲಿಸಬೇಕು. 1.1 ದಾಟಿದರೆ ಅಂಥ ಶಬ್ದ ಲೋಕದಲ್ಲಿಲ್ಲ: ಅಂತರ, ವೇಗ, ರೆಕಾರ್ಡಿಂಗ್ ದರ ಮೂರರಲ್ಲೊಂದು ತಪ್ಪಿದೆ. ಈ ಸಂಖ್ಯೆಯನ್ನು ಕೋನದ ಪಕ್ಕದಲ್ಲೇ ಪರದೆಯ ಮೇಲೆ ತೋರಿಸುವಂತೆ ಮಾಡಿ. ಕೋನಕ್ಕಿಂತ ಹೆಚ್ಚು ಸತ್ಯ ಹೇಳುವುದು ಅದೇ.

ಎರಡು ಜೋಡಿಗಳಿಗೇ ನಿಲ್ಲಬೇಕಿಲ್ಲ. ನಾಲ್ಕು ಮೈಕ್‌ಗಳಿಂದ ಆರು ಜೋಡಿಗಳಾಗುತ್ತವೆ, ಆರನ್ನೂ ಸೇರಿಸಿ ಕನಿಷ್ಠ ವರ್ಗ ವಿಧಾನದಿಂದ ಬಿಡಿಸಿದರೆ ಉತ್ತರ ಸ್ಥಿರವಾಗುತ್ತದೆ.

ತುಣುಕುಗಳ ಕೋನಗಳನ್ನು ಸರಾಸರಿ ಮಾಡುವಾಗ ಡಿಗ್ರಿಗಳನ್ನು ಕೂಡಿಸಬೇಡಿ. 359 ಮತ್ತು 1ರ ಸರಾಸರಿ 180 ಬರುತ್ತದೆ, ಬಾಣ ನೇರ ಬೆನ್ನ ಹಿಂದೆ ತಿರುಗುತ್ತದೆ. ಅಡ್ಡ ಮತ್ತು ಲಂಬ ಭಾಗಗಳನ್ನು ಬೇರೆಬೇರೆ ಸರಾಸರಿ ಮಾಡಿ, ಕೊನೆಗೆ ಕೋನ ತೆಗೆಯಿರಿ.

ಹಂತ 7: ಬಯಲಿನಲ್ಲಿ ವೃತ್ತ ಹಾಕಿ ನೋಡುವುದು

ಶಾಲೆಯ ಆಟದ ಮೈದಾನದಂಥ ಜಾಗ, ಗಾಳಿ ಏಳುವ ಮುಂಚಿನ ಬೆಳಗಿನ ಹೊತ್ತು ಒಳ್ಳೆಯದು. ತಾರಸಿ ಬೇಡ, ಸುತ್ತಲ ಪ್ಯಾರಪೆಟ್ ಗೋಡೆ ಶಬ್ದವನ್ನು ಹಿಂದಕ್ಕೆ ತಳ್ಳುತ್ತದೆ. ಟ್ರೈಪಾಡ್‌ಗೆ ಹಗ್ಗ ಕಟ್ಟಿ ಮೂರು ಮೀಟರ್ ತ್ರಿಜ್ಯದ ವೃತ್ತ ಎಳೆದು, 30 ಡಿಗ್ರಿಗೊಂದರಂತೆ ಹನ್ನೆರಡು ಕಡೆ ಸುಣ್ಣದ ಪುಡಿಯಿಂದ ಗುರುತು ಮಾಡಿ. ಪ್ರತಿ ಗುರುತಿನಲ್ಲೂ ಸ್ಪೀಕರನ್ನು ಅರೇಯ ಎತ್ತರಕ್ಕೆ ಹಿಡಿದು ಐದು ಸೆಕೆಂಡ್ ಗದ್ದಲ ನುಡಿಸಿ. ನಿಜವಾದ ಕೋನ, ಅಳೆದ ಕೋನ, ಉದ್ದದ ತಾಳೆಯ ಸಂಖ್ಯೆ, ಮೂರನ್ನೂ ಪಟ್ಟಿ ಮಾಡಿ.

ತಪ್ಪುಗಳ ಚಹರೆಯೇ ಕಾರಣ ಹೇಳುತ್ತದೆ. ಹನ್ನೆರಡು ಕಡೆಯೂ ಒಂದೇ ಪ್ರಮಾಣದ ತಪ್ಪಾದರೆ ಹಲಗೆ ತಿರುಗಿ ಕೂತಿದೆ, ಬಾಣವನ್ನು ಸರಿಪಡಿಸಿದರೆ ಮುಗಿಯಿತು. 30 ಇದ್ದಲ್ಲಿ 330, 60 ಇದ್ದಲ್ಲಿ 300 ಎಂದು ಕನ್ನಡಿಯಂತೆ ಬಂದರೆ ಲಂಬ ಭಾಗದ ಚಿಹ್ನೆ ತಲೆಕೆಳಗಾಗಿದೆ. 30 ಇದ್ದಲ್ಲಿ 60, 60 ಇದ್ದಲ್ಲಿ 30 ಬಂದರೆ ಮೈಕ್‌ಗಳನ್ನು ಗಡಿಯಾರದ ದಿಕ್ಕಿನಲ್ಲಿ ಎಣಿಸಿದ್ದೀರಿ. ಸರಿಯಾಗಿ 90 ಡಿಗ್ರಿ ಜಾರಿದ್ದರೆ ಚಾನೆಲ್‌ಗಳು ಒಂದು ಸ್ಥಾನ ಸರಿದಿವೆ. ಒಂದು ಸುತ್ತಿನಲ್ಲಿ ತಪ್ಪು ಎರಡು ಸಲ ಏರಿ ಎರಡು ಸಲ ಇಳಿದರೆ ಚೌಕ ಚೌಕವಾಗಿಲ್ಲ, ಒಂದು ಬದಿ ಉದ್ದವಿದೆ. ಒಂದೇ ಕಡೆಯ ಎರಡು ಮೂರು ಗುರುತುಗಳಲ್ಲಿ ಮಾತ್ರ ಕೆಟ್ಟರೆ ಆ ದಿಕ್ಕಿನ ಗೋಡೆಯನ್ನೋ ನಿಲ್ಲಿಸಿದ ಕಾರನ್ನೋ ಹುಡುಕಿ.

ಈ ಅರೇಯಲ್ಲಿ ಒಂದು ಪೂರ್ಣ ಸ್ಯಾಂಪಲ್ ತಪ್ಪಿದರೆ ಕೋನ ಸುಮಾರು ಎರಡರಿಂದ ಮೂರು ಡಿಗ್ರಿ ಜರುಗುತ್ತದೆ. ಬಯಲಿನಲ್ಲಿ ಹನ್ನೆರಡೂ ಗುರುತುಗಳು ಮೂರು ಡಿಗ್ರಿಯೊಳಗೆ ಬಂದರೆ ಅರೇ ಸಿದ್ಧ. ಅದಕ್ಕಿಂತ ಕಡಿಮೆ ಮಾಡಲು ಹೆಣಗುವ ಮೊದಲು ಸ್ಪೀಕರ್ ಹಿಡಿದ ಕೈ ಎಷ್ಟು ಅಲುಗುತ್ತಿದೆ ನೋಡಿ: ಮೂರು ಮೀಟರ್‌ನಲ್ಲಿ 10 ಸೆಂ.ಮೀ. ಅಲುಗಿದರೆ ಎರಡು ಡಿಗ್ರಿ.

ಹಂತ 8: ಕೋಣೆಯೊಳಗೆ ಹೋಗುವುದು

ಬಯಲಿನಲ್ಲಿ ಗೆದ್ದ ಅರೇ ಹಾಲ್‌ನಲ್ಲಿ ತಡವರಿಸುತ್ತದೆ. ಅರೇ ಮತ್ತು ಮೂಲ ಎರಡೂ 1.2 ಮೀಟರ್ ಎತ್ತರದಲ್ಲಿ, ಮೂರು ಮೀಟರ್ ಅಂತರದಲ್ಲಿದ್ದರೆ ನೆಲಕ್ಕೆ ಬಡಿದು ಬರುವ ಶಬ್ದ 84 ಸೆಂ.ಮೀ. ಹೆಚ್ಚು ದೂರ ಸಾಗಿ 2.4 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಗೋಡೆ, ಸೂರು, ಕಬ್ಬಿಣದ ಬೀರು ನಂತರ ಒಂದೊಂದಾಗಿ ಸೇರುತ್ತವೆ. ನೇರ ಶಬ್ದ ಯಾವತ್ತೂ ಮೊದಲು ಬರುತ್ತದೆ ಎಂಬುದೊಂದೇ ನಮಗಿರುವ ಆಧಾರ. ಚಪ್ಪಾಳೆಯಂಥ ಶಬ್ದಕ್ಕೆ ಅಲೆ ಎದ್ದ ಜಾಗದಿಂದ ಎರಡು ಮಿಲಿಸೆಕೆಂಡ್‌ಗಳನ್ನು ಮಾತ್ರ ಕತ್ತರಿಸಿ ಲೆಕ್ಕಕ್ಕೆ ಕೊಡಿ. ಮಾತಿಗೆ, ಶಕ್ತಿ ಥಟ್ಟನೆ ಏರುವ ತುಣುಕುಗಳನ್ನು ಆರಿಸಿ, ಇಳಿಯುವವನ್ನು ಬಿಡಿ. ನೆಲಕ್ಕೆ ದಪ್ಪ ಹಾಸಿಗೆ ಹಾಸಿ, ಫ್ಯಾನ್ ಆರಿಸಿ, ಅರೇಯನ್ನು ಯಾವುದೇ ಗೋಡೆಯಿಂದ ಒಂದು ಮೀಟರ್ ಆಚೆ ಇಡಿ.

ಇಷ್ಟರ ಮೇಲೂ ಕೋನ ಕುಣಿದರೆ ಎಸ್‌ಆರ್‌ಪಿ-ಫ್ಯಾಟ್‌ಗೆ ಹೋಗಿ. ಅದು ಪ್ರತಿ ಜೋಡಿಯ ಶಿಖರವನ್ನು ಮೊದಲೇ ಆರಿಸಿಕೊಳ್ಳುವುದಿಲ್ಲ. 360 ದಿಕ್ಕುಗಳಲ್ಲಿ ಒಂದೊಂದಕ್ಕೂ ಆರೂ ಜೋಡಿಗಳ ಮತ ಕೂಡಿಸಿ, ಹೆಚ್ಚು ಬಂದದ್ದನ್ನು ತೆಗೆದುಕೊಳ್ಳುತ್ತದೆ. ಒಂದು ಜೋಡಿ ದಾರಿ ತಪ್ಪಿದರೂ ಉಳಿದ ಐದು ಹಿಡಿದು ನಿಲ್ಲಿಸುತ್ತವೆ. ಪೈರೂಮ್‌ಅಕೌಸ್ಟಿಕ್ಸ್ ಲೈಬ್ರರಿಯಲ್ಲಿ ಇದೂ ಇದೆ, ಕೋಣೆಯ ಪ್ರತಿಧ್ವನಿಯನ್ನು ಕೃತಕವಾಗಿ ಹುಟ್ಟಿಸುವ ಸೌಲಭ್ಯವೂ ಇದೆ. ದಿಕ್ಕು ಹುಡುಕುವ ಇನ್ನೊಂದು ವಿಧಾನವಾದ ಮ್ಯೂಸಿಕ್ ಅಲ್ಗಾರಿದಮ್ಮಿಗೆ ಹೆಸರು ಕೇಳಿಯೇ ಮನಸೋಲುವವರಿಗೆ ಒಂದು ಮಾತು: ಮೂಲಗಳು ಮೈಕ್‌ಗಳಿಗಿಂತ ಕಡಿಮೆ ಇರಬೇಕು, ಎಷ್ಟಿವೆ ಎಂದು ಮೊದಲೇ ಹೇಳಬೇಕು, ಮತ್ತು ಪ್ರತಿಧ್ವನಿಯು ಮೂಲ ಶಬ್ದದ್ದೇ ನಕಲಾದ್ದರಿಂದ ಅದರೆದುರು ಈ ವಿಧಾನ ಸಹಜವಾಗಿಯೇ ಎಡವುತ್ತದೆ. ಮನೆಯ ಹಾಲ್ ಅದಕ್ಕೆ ತಕ್ಕ ಜಾಗವಲ್ಲ.

ಹಂತ 9: ದಿಕ್ಕಿನಿಂದ ಜಾಗಕ್ಕೆ

ಅಂಗೈಯಗಲದ ಅರೇ ದೂರ ಹೇಳುವುದಿಲ್ಲ. ಹೇಳುತ್ತದೆಂದು ತೋರಿಸುವ ಪ್ರಾಜೆಕ್ಟ್ ವರದಿಗಳನ್ನು ಅನುಮಾನದಿಂದಲೇ ಓದಿ. ಜಾಗ ಬೇಕಿದ್ದರೆ ಎರಡನೆಯ ಅರೇ ಬೇಕು. ಎರಡನ್ನೂ 20 ಮೀಟರ್ ಅಂತರದಲ್ಲಿ ನಿಲ್ಲಿಸಿ, ಎರಡರ ಸೊನ್ನೆ ಡಿಗ್ರಿಯ ಬಾಣಗಳನ್ನೂ ದೂರದ ಒಂದೇ ರೇಖೆಗೆ ಸರಿಹೊಂದಿಸಿ, ಪ್ರತಿಯೊಂದರಿಂದ ಬಂದ ಕೋನದ ಗೆರೆ ಎಳೆದರೆ ಅವು ಕೂಡುವಲ್ಲಿ ಮೂಲವಿದೆ. ಇಲ್ಲಿ ಎರಡು ಅರೇಗಳ ಗಡಿಯಾರಗಳು ಸ್ಯಾಂಪಲ್ ಮಟ್ಟದಲ್ಲಿ ಒಂದಾಗಬೇಕಿಲ್ಲ, ಎರಡೂ ಅದೇ ಶಬ್ದದ ಬಗ್ಗೆ ಹೇಳುತ್ತಿವೆ ಎಂದು ಗೊತ್ತಾದರೆ ಸಾಕು.

ಅರೇಗಳ ಬದಲು ಒಂಟಿ ಮೈಕ್‌ಗಳನ್ನು ಹತ್ತಾರು ಮೀಟರ್ ದೂರ ಹರಡಿ ವಿಳಂಬ ಅಳೆಯುವ ಹಾದಿಯೂ ಇದೆ, ಆದರೆ ಆಗ ಹಿಂದಿನ ಸಲುಗೆಗಳೆಲ್ಲ ರದ್ದು. ಗಡಿಯಾರಗಳನ್ನು ಜಿಪಿಎಸ್‌ನ ಸೆಕೆಂಡಿಗೊಂದು ಮಿಡಿತಕ್ಕೆ ಕಟ್ಟಬೇಕು, ಒಂದು ಮಿಲಿಸೆಕೆಂಡ್ ತಪ್ಪಿದರೆ 35 ಸೆಂ.ಮೀ. ಹೋಯಿತು. ಸಣ್ಣ ಅರೇಯಲ್ಲಿ ಕಡೆಗಣಿಸಿದ ತಾಪಮಾನ ಇಲ್ಲಿ ಲೆಕ್ಕಕ್ಕೆ ಬರುತ್ತದೆ: 50 ಮೀಟರ್ ಅಂತರದಲ್ಲಿ ಹತ್ತು ಡಿಗ್ರಿ ತಪ್ಪು 85 ಸೆಂ.ಮೀ.ಗೂ ಹೆಚ್ಚಿನ ದೋಷ ತರುತ್ತದೆ. ಸೆಕೆಂಡಿಗೆ 5 ಮೀಟರ್ ವೇಗದ ಗಾಳಿಯೂ ಹತ್ತಿರ ಹತ್ತಿರ ಅಷ್ಟೇ ಕೆಡಿಸುತ್ತದೆ.

ಎರಡು ಅರೇಗಳ ಹಾದಿಯಲ್ಲಿ 30 ಮೀಟರ್ ದೂರದ ಮೂಲಕ್ಕೆ ಎರಡು ಡಿಗ್ರಿ ತಪ್ಪೆಂದರೆ ಪಕ್ಕಕ್ಕೆ ಒಂದು ಮೀಟರ್. ಅದು ಸಹನೀಯ. ಕೆಡುವುದು ಗೆರೆಗಳು ಒಂದನ್ನೊಂದು ಓರೆಯಾಗಿ ಕತ್ತರಿಸಿದಾಗ: ಕೂಡುವ ಕೋನ 10 ಡಿಗ್ರಿಯಾದರೆ ಅದೇ ಒಂದು ಮೀಟರ್ ತಪ್ಪು ಗೆರೆಯ ಉದ್ದಕ್ಕೂ ಸುಮಾರು ಆರು ಪಟ್ಟು ಹಿಗ್ಗುತ್ತದೆ. ಗೆರೆಗಳು 30 ಡಿಗ್ರಿಗಿಂತ ಕಿರಿದಾಗಿ ಕೂಡುತ್ತಿದ್ದರೆ ಲೆಕ್ಕವನ್ನು ಮುಟ್ಟಬೇಡಿ. ಎರಡನೆಯ ಟ್ರೈಪಾಡನ್ನು ಎತ್ತಿಕೊಂಡು ಪಕ್ಕಕ್ಕೆ ನಡೆಯಿರಿ, ಬಾಣವನ್ನು ಮತ್ತೆ ಸರಿಹೊಂದಿಸಿ, ಇನ್ನೊಮ್ಮೆ ಅಳೆಯಿರಿ.